ಕೌದಿ ಗಂಟಿಗೆ ಬಂದ ಬೋಗಾಣಿ

ನಿವೃತ್ತಿಯಾದ ಮೂರನೆಯ ತಿಂಗಳಲ್ಲಿ ನನಗೊಂದು ಸತ್ಯ ಹೊಳೆಯಿತು. ನಮ್ಮ ಮನೆ ಯಾವ ಆಡಳಿತವೂ ಇಲ್ಲದೆ ನಡೆಯುತ್ತಿದೆ!

ನಾನು ಸುಮ್ಮನೆ ಹೇಳುವವನಲ್ಲ. ಗೋಕಾಕಿನ ಒಂದು ಪ್ರೌಢಶಾಲೆಯಲ್ಲಿ ಮುಖ್ಯಾಧ್ಯಾಪಕನಾಗಿದ್ದವನು. ಬೇಡವಾದ ಕಡತಗಳನ್ನು ಗುರುತಿಸಿ, ಪಟ್ಟಿ ಮಾಡಿ, ವಿಲೇವಾರಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅಂಥವನ ಮನೆಯಲ್ಲೇ ಡಬ್ಬಿಯ ಮೇಲೆ ಬರೆದಿರುವುದು ಒಂದು, ಒಳಗಿರುವುದು ಇನ್ನೊಂದು! ಚಹಾಪುಡಿ ಎಂದು ಬರೆದ ಡಬ್ಬಿಯಲ್ಲಿ ಸಾಸಿವೆ. ಸಾಸಿವೆ ಎಂದು ಬರೆದದ್ದರಲ್ಲಿ ಗುಂಡಿ, ಸೂಜಿ, ಕತ್ತರಿ. ಹೆಂಡತಿ ಕಸ್ತೂರಿಯನ್ನು ಈ ಬಗ್ಗೆ ವಿಚಾರಿಸಿದರೆ ಅವಳು ತಲೆ ಎತ್ತದೆ ಉತ್ತರ ಕೊಟ್ಟಳು.

"ಯಾವುದರಾಗ ಏನೈತಿ ಅಂತ ನನಗ ಗೊತ್ತೈತಲ್ರಿ. ನಿಮಗ್ಯಾಕ ತ್ರಾಸ?"

ಸುಧಾರಣೆಯ ಮೊದಲ ಹಂತವಾಗಿ ನಾನು ಒಂದು ಮಧ್ಯಾಹ್ನ ಎಲ್ಲ ಡಬ್ಬಿಗಳನ್ನೂ ಅಕಾರಾದಿಯಾಗಿ ಜೋಡಿಸಿದೆ. ಆ ಕ್ರಮದ ಪ್ರಕಾರ ದಿನಾ ಬೇಕಾಗುವ ಅಕ್ಕಿ ಅಟ್ಟದ ಹತ್ತಿರಕ್ಕೆ ಹೋಯಿತು. ವರ್ಷಕ್ಕೊಮ್ಮೆ ಬೇಕಾಗುವ ಹಪ್ಪಳದ ಖಾರ ಕೈಗೇ ಸಿಗುವಂತಾಯಿತು. ಕಸ್ತೂರಿ ಬೈಯಲಿಲ್ಲ. ಚಹಾ ಕುದಿಯುವಷ್ಟರಲ್ಲಿ ಎಲ್ಲವನ್ನೂ ಮೊದಲಿದ್ದಲ್ಲಿಗೆ ಇಟ್ಟು, ಕಪ್ಪನ್ನು ನನ್ನ ಕೈಗೆ ಕೊಟ್ಟು, "ಪೇಪರ್ ಓದ್ರಿ" ಎಂದಳು. ಅಷ್ಟೇ!

ಆದರೆ ಸುಧಾರಕರು ಇಷ್ಟಕ್ಕೆಲ್ಲ ಹಿಂಜರಿಯುವುದಿಲ್ಲ. ಅವಕಾಶಕ್ಕಾಗಿ ಕಾಯುತ್ತಾರೆ.

ಅವಕಾಶ ಬಂತು. ನಮ್ಮ ಒಬ್ಬಳೇ ಮಗಳು ಸವಿತಾಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಬಸುರಿಯಾದ ಅವಳ ಕುಬಸದ ಕಾರ್ಯ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಅವಳನ್ನು ಕರೆತರಲು ಕಸ್ತೂರಿ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಎರಡ ದಿನದ ಮಾತು. ರೊಟ್ಟಿ ಮಾಡಿಟ್ಟೀನಿ, ಶೇಂಗಾ ಚಟ್ನಿ ಐತಿ, ಮೊಸರು ಐತಿ. ಏನೂ ಮುಟ್ಟಾಕ ಹೋಗಬ್ಯಾಡ್ರಿ."

ಈ ಕೊನೆಯ ಮಾತು ಅಡುಗೆಮನೆಗೆ ಮಾತ್ರ ಅನ್ವಯಿಸುತ್ತದೆ ಎಂದು ನಾನು ತೀರ್ಮಾನಿಸಿದೆ. ನಾನು ಕಣ್ಣಿಟ್ಟಿದ್ದ ಹಳೆಯ ಟ್ರಂಕು ಇದ್ದದ್ದು ಮಲಗುವ ಕೋಣೆಯಲ್ಲಿ!

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮಂಚದ ಕೆಳಗಿನ ಟ್ರಂಕನ್ನು ಎಳೆದೆ. ತೆರೆದರೆ ಹಳದಿ ಚಾದರದಲ್ಲಿ ಕಟ್ಟಿದ ದೊಡ್ಡದೊಂದು ಗಂಟು. ಅಂಚು ಬಿಚ್ಚಿ ನೋಡಿದೆ. ಬಣ್ಣಗೆಟ್ಟ ಹಳೆಯ ಸೀರೆಗಳು! ಕೆಲವು ಅರ್ಧ ಹರಿದವು. ನಡುನಡುವೆ ಒಣಗಿದ ಬೇವಿನ ಎಲೆಯ ಕಸ. ಮೊಮ್ಮಗು ಬರುವ ಮನೆಯಲ್ಲಿ ಇಂಥ ದಾಸ್ತಾನು ಇಟ್ಟುಕೊಳ್ಳುವುದು ಸ್ವಚ್ಛತೆಯ ದೃಷ್ಟಿಯಿಂದ ತರವಲ್ಲವೆಂದು ಸ್ಥಳದಲ್ಲೇ ಆದೇಶ ಹೊರಡಿಸಿದೆ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಆದೇಶ ಅವಿರೋಧವಾಗಿ ಅಂಗೀಕಾರವಾಯಿತು.

ಅದೇ ಹೊತ್ತಿಗೆ ಓಣಿಯಲ್ಲಿ ಕೂಗು ಕೇಳಿಸಿತು. "ಹಳೇ ಸೀರಿಗೆ ಹೊಸಾ ಬೋಗಾಣೀ...!"

ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ದುರಗವ್ವ. ಎಷ್ಟೋ ವರ್ಷಗಳಿಂದ ನಮ್ಮ ಓಣಿಗೆ ಬರುವವಳು. ತಲೆಯ ಮೇಲಿನ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕುಳಿತಳು. ನಾನು ಮೊದಲು ನನ್ನ ಹಳೆಯ ಸಫಾರಿ ಡ್ರೆಸ್ಸುಗಳನ್ನು ತಂದಿಟ್ಟೆ. ಅವುಗಳನ್ನು ತೊಟ್ಟು ನಾನು ಧ್ವಜಾರೋಹಣ ಮಾಡಿದವನು. ಅವಳು ಎರಡು ಬೆರಳಿನಿಂದ ಎತ್ತಿ ನೋಡಿ ಪಕ್ಕಕ್ಕಿಟ್ಟಳು.

"ಇವು ಬ್ಯಾಡ್ರಿ ಸರ್ರ. ಇವನ್ನ ಯಾರೂ ತೊಗೊಳ್ಳಾಂಗಿಲ್ಲ. ಸೀರಿ ಇದ್ರ ಕೊಡ್ರಿ."

ಅವಮಾನವಾಯಿತು. ಆದರೂ ತೋರಿಸದೆ ಗಂಟನ್ನು ತಂದು ಅವಳ ಮುಂದೆ ಇಟ್ಟೆ. ಅವಳು ಮೇಲಿನ ಒಂದು ಸೀರೆ ಮುಟ್ಟಿ, ಅದರ ಮೇಲಿನ ಬೇವಿನ ಎಲೆ ಎತ್ತಿ ನೋಡಿದಳು.

"ಅಕ್ಕಾರು ಮನ್ಯಾಗ ಇಲ್ಲೇನ್ರಿ? ಅವರನ್ನೊಂದು ಮಾತು ಕೇಳಬೇಕಾಗಿತ್ತಲ್ರಿ."

"ಇದು ನನ್ನ ನಿರ್ಣಯ!" ಎಂದೆ. ಶಾಲೆ ಬಿಟ್ಟ ಮೇಲೆ ಆ ದನಿ ಮೊದಲ ಸಲ ಹೊರಗೆ ಬಂದದ್ದು. ಬಹಳ ಹಿತವಾಯಿತು.

ಅವಳು ಸಣ್ಣ ಡಬ್ಬಿ ತೋರಿಸಿದಳು. ನಾನು ಒಪ್ಪಲಿಲ್ಲ. ತಾಟು ತೋರಿಸಿದಳು. ತಲೆ ಅಲ್ಲಾಡಿಸಿದೆ. ಕೊನೆಗೆ ಮುಚ್ಚಳವಿದ್ದ ದೊಡ್ಡ ಬೋಗಾಣಿಯನ್ನೇ ಕಿತ್ತುಕೊಂಡೆ. ಮುಚ್ಚಳದೊಂದಿಗೆ! ಅದರ ತಳದಲ್ಲಿ ನನ್ನ ಮುಖ ಹೊಳೆಯುತ್ತಿತ್ತು. ಎಷ್ಟು ಚತುರ ಮುಖ!

ಒಂದು ತಾಸಿನ ನಂತರ ಫೋನು ಬಂತು. ಕಸ್ತೂರಿ.

"ಏನ್ರಿ, ನಾಷ್ಟಾ ಆತೇನು? ಟ್ರಂಕಿನಾಗ ಹಳದಿ ಚಾದರದ ಗಂಟು ಐತಲ್ಲ, ಅದನ್ನ ಬಿಚ್ಚಿ ಮಾಳಗಿ ಮ್ಯಾಲೆ ಬಿಸಲಿಗೆ ಹಾಕ್ರಿ. ನಾಳೆ ಬಂದಕೂಡಲೇ ಕೂಸಿನ ಕೌದಿ ಹಾಸಬೇಕು. ದಿನ ಭಾಳ ಉಳದಿಲ್ಲ."

ನಾನು ಬೋಗಾಣಿಯ ಮೇಲೆ ಮುಚ್ಚಳ ಮುಚ್ಚಿದೆ.

"ಅದರಾಗ ಅತ್ತಿಯವರ ಇಳಕಲ್ ಸೀರಿ ಐತ್ರಿ. ಸವಿತಾ ಕೂಸಿದ್ದಾಗ ತೊಡಿಸಿದ ಕುಂಚಿಗಿ ಐತಿ. ಸಂಭಾಳಿಸಿ ಹಾಕ್ರಿ."

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ದಪ್ಪ ದಾರದಿಂದ ಕೈಯಲ್ಲೇ ಹೊಲಿಯುವ ಹೊದಿಕೆಯೇ ಕೌದಿ. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸು ಮೊದಲು ಮಲಗುವುದು ಅಜ್ಜಿ ಮುತ್ತಜ್ಜಿಯರ ಸೀರೆಯ ಕೌದಿಯಲ್ಲಿ. ನಾನು ಮಲಗಿದ್ದೆ. ಸವಿತಾ ಮಲಗಿದ್ದಳು. ಇನ್ನು ಮೂರು ವಾರದಲ್ಲಿ ಬರುವ ಕೂಸಿಗಾಗಿ ಕಸ್ತೂರಿ ಕೂಡಿಟ್ಟ ಸೀರೆಗಳನ್ನು ನಾನು ಬೋಗಾಣಿ ಮಾಡಿಕೊಂಡಿದ್ದೆ!

ನಿಜ ಹೇಳಿಬಿಡಬೇಕಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಹಾಕಿಬಿಟ್ಟೀನಲ್ಲ! ಮುಂಜಾನೇ ಹಾಕೀನಿ!"

"ಹೌದೇನ್ರಿ? ಶಾಣ್ಯಾ ಆಗೀರಿ" ಎಂದು ಅವಳು ಫೋನು ಇಟ್ಟಳು.

ನಾನು ಬೋಗಾಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಓಡಿದೆ. ಅಲ್ಲಿ ನನ್ನ ಗೆಳೆಯ ಪರಪ್ಪ ಇರುತ್ತಾನೆ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಅವನ ಬಳಿ ಹಳೆಯ ಸ್ಕೂಟರಿದೆ. ಅವನನ್ನು ಹೊರಗೆ ಕರೆದು ಕಿವಿಯಲ್ಲಿ ಎಲ್ಲವನ್ನೂ ಹೇಳಿ, ಕಟ್ಟುನಿಟ್ಟಾಗಿ ಎಚ್ಚರಿಸಿದೆ.

"ನಿನ್ನ ಹೆಂಡತಿಗೆ ಮಾತ್ರ ಹೇಳಬ್ಯಾಡ. ಹೇಳಿದ್ರ ಐದು ನಿಮಿಷದಾಗ ಹುಕ್ಕೇರಿಗೆ ಮುಟ್ಟತೈತಿ!"

ಅವನ ಹೆಂಡತಿ ಸುಶೀಲಕ್ಕ ಬಾಗಿಲಿಗೆ ಬಂದು ನನ್ನನ್ನೂ ಬೋಗಾಣಿಯನ್ನೂ ನೋಡಿದರು. "ಎತ್ತಾಗ ಹೊಂಟೀರಿ ಮಾಸ್ತರ?" ಎಂದು ಕೇಳಿದರು. "ಸುಮ್ನ ಒಂದು ರೌಂಡ್ ಹೋಗಿ ಬರ್ತೀವಿ" ಎಂದೆ. "ಬೋಗಾಣಿ ತೊಗೊಂಡು?" ಎಂದರು. ನಾನು ಕೇಳಿಸದವನಂತೆ ಸ್ಕೂಟರ್ ಏರಿದೆ. ಅವರು ಸೆರಗು ಬಾಯಿಗೆ ಹಿಡಿದುಕೊಂಡದ್ದು ಕಂಡಿತು. ಕೆಮ್ಮು ಬಂದಿರಬೇಕು ಎಂದುಕೊಂಡೆ.

ಓಣಿಯ ತುದಿಯ ಹೂವಿನ ಅಂಗಡಿಯವಳು ದುರಗವ್ವ ಮೂಡಲಗಿ ಬಸ್ಸು ಹತ್ತಿದಳು ಎಂದಳು. ಪರಪ್ಪ ನನ್ನನ್ನು ಹಿಂದೆ ಕೂರಿಸಿಕೊಂಡು "ರೈಟ್!" ಎಂದು ತನಗೆ ತಾನೇ ಹೇಳಿಕೊಂಡು ಹೊರಟ. ಮೂವತ್ತು ವರ್ಷ ಬಸ್ಸಿನ ಹಿಂಭಾಗದಲ್ಲಿ ನಿಂತು ಬಂದವನು. ಬ್ರೇಕು ಹಾಕುವುದು ಇನ್ನೊಬ್ಬರ ಕೆಲಸವೆಂದು ಅವನು ಇವತ್ತಿಗೂ ನಂಬಿದ್ದಾನೆ! ಸೇತುವೆ ದಾಟುವಷ್ಟರಲ್ಲಿ ನನಗೆ ಎಲ್ಲ ಶರಣರೂ ನೆನಪಾದರು. ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಿದ್ದರಿಂದ ಬದುಕಿದೆವು. ಎರಡು ಟ್ರೇಲರು ತುಂಬ ಕಬ್ಬು ಹೇರಿಕೊಂಡು ಅದು ರಸ್ತೆಯ ತುಂಬ ಹರಡಿ ಹೋಗುತ್ತಿತ್ತು. ಅದರ ಹಿಂದೆಯೇ ನಾವು ಮೆರವಣಿಗೆಯಂತೆ ಕಲ್ಲೋಳಿ ತಲುಪಿದೆವು.

ಕಲ್ಲೋಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬೋಗಾಣಿಯನ್ನು ಮೇಲೆತ್ತಿ ತೋರಿಸುತ್ತ ನಾನು ವಿಚಾರಣೆ ಆರಂಭಿಸಿದೆ.

"ಇಂಥಾ ಬೋಗಾಣಿ ಮಾರೂ ಹೆಣ್ಣಮಗಳು ಇಲ್ಲಿ ಇಳದಾಳೇನ್ರಿ?"

ಮಾತು ಪೂರ್ತಿ ಕೇಳುವ ತಾಳ್ಮೆ ಜನರಿಗೆಲ್ಲಿದೆ? "ಬೋಗಾಣಿ ಮಾರೂ" ಎಂಬಷ್ಟು ಅವರಿಗೆ ಸಾಕಾಯಿತು. ಎದುರಿನ ಮನೆಗಳಿಂದ ನಾಲ್ಕಾರು ಹೆಂಗಸರು ಬಂದು ನನ್ನನ್ನು ಸುತ್ತುವರಿದರು.

"ಎಷ್ಟು ಸೀರಿಗೆ ಒಂದು ಕೊಡ್ತೀರಿ ಕಾಕಾ?"

"ಮುಚ್ಚಳ ಬ್ಯಾರೆ ಏನು, ಸಂಗಾಟ ಏನು?"

"ತಳಾ ತೆಳ್ಳಗ ಐತಿ ನೋಡ್ರಿ ಇದು. ಎರಡಕ್ಕಿಂತ ಹೆಚ್ಚಿಗಿ ಕೊಡಬ್ಯಾಡ್ರಿ!"

ನಾನು ನಿವೃತ್ತ ಮುಖ್ಯಾಧ್ಯಾಪಕನೆಂದೂ, ಪ್ರಸ್ತುತ ಪಾತ್ರೆ ಮಾರಾಟಕ್ಕಿಲ್ಲವೆಂದೂ, ಅದೊಂದು ಸಾಕ್ಷ್ಯವೆಂದೂ ವಿವರಿಸಿದೆ. ಒಬ್ಬರೂ ನಂಬಲಿಲ್ಲ. ಅಷ್ಟರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಮೀಸೆಯ ಮನುಷ್ಯನೊಬ್ಬ ನಿಂತು ನನ್ನ ಕಾಲಿಗೆ ಬಿದ್ದ. ನನ್ನ ಹಳೆಯ ವಿದ್ಯಾರ್ಥಿ! ಎದ್ದವನು ಬೋಗಾಣಿ ನೋಡಿದ, ನನ್ನ ಮುಖ ನೋಡಿದ. ಅವನ ಕಣ್ಣು ಒದ್ದೆಯಾದವು.

"ಗುರುಗಳ... ಪೆನ್ಶನ್ ಚಾಲೂ ಆಗಿಲ್ಲೇನ್ರಿ?"

ಅದೇ ಗಳಿಗೆಗೆ ಫೋನು ಬಡಿದುಕೊಂಡಿತು. ಬೋಗಾಣಿಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಸ್ವಲ್ಪ ದೂರ ಹೋದೆ. ಕಸ್ತೂರಿಯೇ.

"ಬಿಸಲು ಚಲೋ ಐತೇನ್ರಿ?"

"ಬೆಂಕಿ ಬಿಸಲು! ಒಮ್ಮೆ ತಿರುವಿ ಹಾಕೀನಿ!"

"ಹಿಂದ ಯಾರೋ ಬೋಗಾಣಿ ಬೋಗಾಣಿ ಅನ್ನಾಕತ್ತಾರಲ್ಲ?"

"ಅದು... ಟೀವಿ!"

"ಮಾಳಗಿ ಮ್ಯಾಲೆ ಟೀವಿ?"

ನೆಟ್‌ವರ್ಕ್ ಇಲ್ಲವೆಂದು ಹೇಳಿ, "ಹಲೋ ಹಲೋ" ಎಂದು ಕೂಗಿ ಫೋನು ಇಟ್ಟೆ. ತಿರುಗಿ ಬಂದರೆ ಸೀಟಿನ ಮೇಲೆ ಬೋಗಾಣಿ ಇರಲಿಲ್ಲ. ಅದರ ಜಾಗದಲ್ಲಿ ಚೆನ್ನಾಗಿ ಮಡಚಿದ ಎರಡು ಸೀರೆಗಳಿದ್ದವು! ಪರಪ್ಪ ಬಾಜೂದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ.

"ಬೋಗಾಣಿ ಎಲ್ಲಿ ಪರಪ್ಪಾ?"

"ಒಬ್ಬಾಕಿ ತೊಗೊಂಡು ಹೋದ್ಲಲ್ಲ. ಎರಡು ಸೀರಿ ಇಟ್ಲು. ನೀ ಒಪ್ಪೀದಿ ಅಂತ ಮಾಡಿದ್ದೆ!"

ಯಾವ ಮನೆ, ಯಾವ ಓಣಿ, ಒಂದೂ ಅವನಿಗೆ ಗೊತ್ತಿಲ್ಲ. ನನ್ನ ಪರಿಸ್ಥಿತಿಯನ್ನು ಒಮ್ಮೆ ಪರಾಮರ್ಶಿಸಿದೆ. ಬೆಳಿಗ್ಗೆ ನನ್ನ ಬಳಿ ಗಂಟು ಇತ್ತು, ಬೋಗಾಣಿ ಇರಲಿಲ್ಲ. ಆಮೇಲೆ ಬೋಗಾಣಿ ಇತ್ತು, ಗಂಟು ಇರಲಿಲ್ಲ. ಈಗ ಎರಡೂ ಇಲ್ಲ. ಯಾರೋ ಅಪರಿಚಿತ ಹೆಂಗಸಿನ ಸೀರೆ ಹಿಡಿದು ಅರವತ್ತು ದಾಟಿದ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಈ ದೃಶ್ಯವನ್ನು ಇನ್ನೊಬ್ಬ ವಿದ್ಯಾರ್ಥಿ ನೋಡುವ ಮೊದಲು ಅಲ್ಲಿಂದ ಹೊರಟೆವು.

ಮೂಡಲಗಿಯ ಮಾರುಕಟ್ಟೆಯ ಮೂಲೆಯಲ್ಲಿ ದುರಗವ್ವ ಸಿಕ್ಕಳು. ಗೋಣಿತಟ್ಟು ಹಾಸಿ ಹಳೆಯ ಸೀರೆಗಳನ್ನು ಹರವಿಕೊಂಡು ಕುಳಿತಿದ್ದಳು. ಒಂದೊಂದನ್ನೇ ಕಣ್ಣಲ್ಲಿ ಹುಡುಕಿದೆ. ಹಳದಿ ಚಾದರ ಇರಲಿಲ್ಲ. ನನ್ನ ಅವ್ವನ ಸೀರೆ ಇರಲಿಲ್ಲ.

"ದುರಗವ್ವಾ, ಮಾರಿಬಿಟ್ಟೀಯೇನು?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮುಖ್ಯಾಧ್ಯಾಪಕರ ದನಿಯಂತೂ ಅದಾಗಿರಲಿಲ್ಲ.

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಅಯ್ಯ ಸರ್ರ, ಇಲ್ಲೀತನಾ ಯಾಕ ಬಂದ್ರಿ? ಕುಂಡ್ರಿ, ಮೊದಲ ನೀರು ಕುಡೀರಿ."

ನೀರು ಕೊಟ್ಟು ಆಮೇಲೆ ಹೇಳಿದಳು.

"ಹತ್ತೂರು ತಿರಗೀನ್ರಿ ನಾನು. ನಡಕ ನಡಕ ಬೇವಿನ ಎಲಿ ಇಟ್ಟು, ಇಷ್ಟು ಅಚ್ಚಕಟ್ಟ ಮಡಚಿದ ಗಂಟನ್ನ ಯಾವ ಅಕ್ಕಾನೂ ಬೋಗಾಣಿಗೆ ಕೊಡಾಂಗಿಲ್ಲ. ಓಣಿ ತುದಿಗೆ ಹೋಗಿ ಬಿಚ್ಚಿದೆ. ಕೂಸಿನ ಕುಂಚಿಗಿ ಕಂಡ್ತು. ಕೌದಿ ಗಂಟು ಅಂತ ಆಗಿಂದಾಗ ತಿಳೀತು. ಅಕ್ಕಾರಿಗೆ ಫೋನ್ ಮಾಡಿದೆ."

"ಫೋನ್ ಮಾಡಿದೀ? ಯಾವಾಗ?"

"ಅಲ್ಲೇ ನಿಂತು ಮಾಡಿದ್ನಲ್ರಿ. ಗಂಟು ಸುಶೀಲಕ್ಕನ ಮನ್ಯಾಗ ಇಡು ಅಂದ್ರು. ಇಟ್ಟು ಬಂದೆ. ಬೋಗಾಣಿ ನಾಳೆ ಇಸಕೊಂಡು ಹೋಗು ಅಂದ್ರು."

ನಾನು ಪರಪ್ಪನನ್ನು ನೋಡಿದೆ. ಪರಪ್ಪ ನನ್ನನ್ನು ನೋಡಿದ. ನಾವು ಯಾವ ಮನೆಯ ಬಾಗಿಲಿನಿಂದ ಹೊರಟು ಬಂದಿದ್ದೆವೋ ಆ ಮನೆಯ ಒಳಗೇ ಗಂಟು ಇತ್ತು!

"ಮತ್ತ ನನಗ ಯಾಕ ಕೊಡಲಿಲ್ಲ ದುರಗವ್ವಾ? ಹತ್ತು ಹೆಜ್ಜಿ ಮ್ಯಾಲೆ ಇದ್ನಲ್ಲ!"

ಅವಳು ಸ್ವಲ್ಪ ಸಂಕೋಚಪಟ್ಟಳು. "ನಾನೂ ಅದನ್ನ ಕೇಳಿದ್ನಿರಿ. ಅವರ ಕೈಯಾಗ ಕೊಡಬ್ಯಾಡ, ಮತ್ತ ಯಾರಿಗರ ಕೊಟ್ಟಾರು ಅಂದ್ರು."

ನಾನು ತಲೆ ತಗ್ಗಿಸಿ, ಬೋಗಾಣಿ ಕಲ್ಲೋಳಿಯಲ್ಲಿ ಕಳೆದ ಕಥೆ ಹೇಳಿ, ಎರಡು ಸೀರೆಗಳನ್ನು ಅವಳ ಮುಂದಿಟ್ಟೆ. ಅವಳು ಬಿಚ್ಚಿ ನೋಡಿದಳು, ಅಂಚು ತಿಕ್ಕಿ ನೋಡಿದಳು, ಕಣ್ಣರಳಿಸಿದಳು.

"ಅಬ್ಬಾ! ಒಂದು ಬೋಗಾಣಿಗೆ ಇಂಥಾ ಎರಡು ಸೀರಿ ನಾ ಯಾವತ್ತೂ ಇಸಕೊಂಡಿಲ್ರಿ ಸರ್ರ. ಇದು ಒಗದು ಉಟ್ಟ ಸೀರಿನೂ ಅಲ್ಲ. ಹೆಂಗ ಮಾತಾಡಿದ್ರಿ?"

ನನ್ನ ಜೀವಮಾನದ ಏಕೈಕ ಲಾಭದ ವ್ಯಾಪಾರ ನಾನು ಅಲ್ಲಿ ಇಲ್ಲದಾಗ ನಡೆದಿತ್ತು!

ದಾರಿಯಲ್ಲಿ ಮೂರನೆಯ ಸಲ ಫೋನು ಬಂದಾಗ ನಾನು ಸ್ಕೂಟರ್ ನಿಲ್ಲಿಸಲು ಹೇಳಿದೆ. "ಸೀರಿ ತಗದು ಒಳಗಿಟ್ರೇನ್ರಿ? ಬಿಸಲು ಇಳೀತಲ್ಲ" ಎಂದಳು ಕಸ್ತೂರಿ. ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎಲ್ಲ ಗೊತ್ತಿದ್ದೂ ಅಷ್ಟು ಶಾಂತವಾಗಿ ಕೇಳುವುದು ನನ್ನಿಂದ ಈ ಜನ್ಮದಲ್ಲಿ ಆಗದು. "ಇಡ್ತೀನಿ" ಎಂದೆ. ಅದೊಂದೇ ಆ ದಿನ ನಾನು ಅವಳಿಗೆ ಹೇಳಿದ ನಿಜ.

ಸುಶೀಲಕ್ಕ ಎರಡು ತಾಟಿನಲ್ಲಿ ಊಟ ಬಡಿಸಿ ಕಾಯುತ್ತಿದ್ದರು. ಗಂಟು ಅವರ ಬಾಜೂಕೇ ಇತ್ತು. "ಪುಂಡಿಪಲ್ಯೆ ಆರಿ ಹೋಗೇತಿ ಮಾಸ್ತರ. ರೌಂಡ್ ಭಾಳ ದೊಡ್ಡದಾತು ಕಾಣ್ತೈತಿ" ಎಂದರು. ಈ ಸಲ ಸೆರಗನ್ನು ಬಾಯಿಗೆ ಹಿಡಿಯಲೂ ಇಲ್ಲ. ಬಾಯಿ ಬಿಟ್ಟೇ ನಕ್ಕರು.

ಮರುದಿನ ಬೆಳಗಾಗುತ್ತಲೇ ಗಂಟನ್ನು ಮಾಳಿಗೆಗೆ ಒಯ್ದು ಬಿಚ್ಚಿದೆ. ಈ ಸಲ ಒಂದೊಂದನ್ನೂ ನೋಡಿದೆ. ಅವ್ವನ ಇಳಕಲ್ ಸೀರೆ. ಹರಿದ ಭಾಗವನ್ನು ಕತ್ತರಿಸಿ, ಗಟ್ಟಿ ಇದ್ದಷ್ಟನ್ನು ಬೇರೆ ಮಡಚಿದ್ದಳು ಕಸ್ತೂರಿ. ಸವಿತಾ ಹುಟ್ಟಿದ ವರ್ಷ ಅವಳು ಉಡುತ್ತಿದ್ದ ಹಸಿರು ಸೀರೆ. ಅವ್ವ ಕೈಯಲ್ಲಿ ಹೊಲಿದ ಕುಂಚಿಗೆ, ಕಿವಿ ಮುಚ್ಚುವ ಪುಟ್ಟ ಟೊಪ್ಪಿಗೆ, ಅದರ ಕಸೆ ಕೂಡ ಹಾಗೆಯೇ ಇತ್ತು. ಬೇವಿನ ಎಲೆ ಕಸವಲ್ಲ. ಪ್ರತಿ ವರ್ಷ ಅವಳು ಬದಲಿಸುತ್ತಿದ್ದ ಎಲೆ. ಇಪ್ಪತ್ತೆಂಟು ವರ್ಷ ಅವಳು ಇದನ್ನು ಕಾದಿದ್ದಾಳೆ. ಅದೇ ಮಂಚದ ಮೇಲೆ ಮಲಗಿದ್ದ ನನಗೆ ಗೊತ್ತೇ ಇರಲಿಲ್ಲ. ಯಾವ ಪಟ್ಟಿಯೂ ಇಲ್ಲದೆ, ಯಾವ ಕಡತವೂ ಇಲ್ಲದೆ ಈ ಹೆಂಗಸು ಒಂದು ಮನೆತನವನ್ನೇ ಮಡಚಿ ಇಟ್ಟಿದ್ದಳಲ್ಲ ಎಂದು ಹೆಮ್ಮೆಯಾಯಿತು. ನನ್ನ ಬಗ್ಗೆ ನಾಚಿಕೆಯಾಯಿತು. ಎರಡೂ ಒಟ್ಟಿಗೆ ಆದದ್ದರಿಂದ ಕಣ್ಣು ಒರೆಸಿಕೊಂಡೆ.

ಮೂವತ್ತು ವರ್ಷ ಮಕ್ಕಳಿಂದ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡವನು ಅಂದು ಸ್ವತಃ ಬರೆದೆ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭಿಸಿದೆ. ಮಧ್ಯಾಹ್ನ ಮಗಳೊಂದಿಗೆ ಬಂದ ಕಸ್ತೂರಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಚೀಲದಲ್ಲಿದೆಯೆಂದು ಸವಿತಾಳ ಕೈಗೆ ಕೊಟ್ಟಳು. ಸವಿತಾ ಗಟ್ಟಿಯಾಗಿ ಓದಿದಳು. "ಸದರಿ ಬೋಗಾಣಿಯು ಕಲ್ಲೋಳಿಯಲ್ಲಿ ನನ್ನ ಗಮನಕ್ಕೆ ಬಾರದೆ ವಿನಿಮಯಗೊಂಡಿದ್ದು" ಎಂಬಲ್ಲಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟಳು.

"ಸಾಕಪ್ಪಾ, ಇಲ್ಲೇ ಹೆರಿಗಿ ಆದೀತು!"

ಕಸ್ತೂರಿ ಮಾತ್ರ ನಗಲಿಲ್ಲ. "ಮೂರು ಸಲ ಕೇಳಿದೆ ನಿಮ್ಮನ್ನ" ಎಂದಳು. "ಕೊಟ್ಟುಬಿಟ್ಟೀನಿ, ತಪ್ಪಾತು ಅಂತ ಒಂದು ಮಾತು ಅಂದಿದ್ರ, ಬಾಜೂ ಮನ್ಯಾಗ ಐತಿ ಹೋಗಿ ತೊಗೊಳ್ರಿ ಅಂತಿದ್ದೆ. ಈ ವಯಸ್ಸಿನಾಗ ಆ ಪರಪ್ಪನ ಗಾಡಿ ಮ್ಯಾಲೆ ಮೂಡಲಗಿತನಾ ಹೋಗೋದೇನ್ರಿ? ಬಿದ್ದಿದ್ರ?" ಅವಳಿಗೆ ಸಿಟ್ಟು ಬಂದದ್ದು ಸೀರೆಗಾಗಿ ಅಲ್ಲ ಎಂದು ನನಗೆ ಆಗ ತಿಳಿಯಿತು. "ತಪ್ಪಾತು" ಎಂದೆ. ಬರೆದದ್ದಕ್ಕಿಂತ ಅದು ಬಹಳ ಚಿಕ್ಕದಾಗಿತ್ತು, ಬಹಳ ಕಷ್ಟವಾಗಿತ್ತು.

ಮರುದಿನದಿಂದ ಕೌದಿ ಶುರುವಾಯಿತು. ಕಸ್ತೂರಿ ಮತ್ತು ಸುಶೀಲಕ್ಕ ಎದುರು ಬದುರು ಕುಳಿತು ಹೊಲಿದರು. ಸೂಜಿಗೆ ದಾರ ಪೋಣಿಸುವ ಹೊಣೆ ನನಗೆ ಬಂತು. ಹನ್ನೊಂದು ಸಲ ಪ್ರಯತ್ನಿಸಿ ದಾರವನ್ನು ಎರಡು ಸಲ ಸೂಜಿಯ ಪಕ್ಕದಿಂದ ಯಶಸ್ವಿಯಾಗಿ ದಾಟಿಸಿದೆ! ಕಸ್ತೂರಿ ನೋಡದೆಯೇ ಕೈ ಚಾಚಿ ಸೂಜಿ ತೆಗೆದುಕೊಂಡು, ನೋಡದೆಯೇ ಪೋಣಿಸಿದಳು.

ಕೊನೆಯಲ್ಲಿ ಒಂದು ಮೂಲೆ ಉಳಿಯಿತು. ನಮ್ಮ ಕಡೆ ಕೌದಿ ಮುಗಿಯುವಾಗ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟು, ಮೇಲೊಂದು ತೇಪೆ ಹಾಕಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿಯಲ್ಲಿ ಕೂಸನ್ನು ಮಲಗಿಸಬಾರದಂತೆ. ನನಗೆ ಉತ್ಸಾಹ ಬಂತು. ಈ ಕೌದಿಯಲ್ಲಿ ಅಜ್ಜನದೂ ಒಂದು ಗುರುತು ಇರಲಿ ಎಂದು ಧ್ವಜಾರೋಹಣದ ಸಫಾರಿಯನ್ನು ತಂದುಕೊಟ್ಟೆ. ಕಸ್ತೂರಿ ಅದನ್ನು ತಿಕ್ಕಿ ನೋಡಿದಳು.

"ಬ್ಯಾಡ್ರಿ, ಕೂಸಿನ ಮೈಗೆ ಚುಚ್ಚತೈತಿ."

ನನ್ನ ಮುಖ ಸಣ್ಣದಾದದ್ದು ಅವಳಿಗೆ ಕಂಡಿರಬೇಕು. ಸಫಾರಿಯನ್ನು ಅತ್ತಿತ್ತ ತಿರುಗಿಸಿ, ಒಳಗೆ ಕೈ ಹಾಕಿ, ಕಿಸೆಯ ಬಿಳಿ ಅಸ್ತರನ್ನು ಹೊರಗೆಳೆದು ಕತ್ತರಿಸಿದಳು. "ಇದಷ್ಟು ಮೆತ್ತಗ ಐತಿ" ಎಂದಳು. ನನ್ನ ಇಡೀ ಸೇವಾವಧಿಯಲ್ಲಿ ಕೂಸಿಗೆ ಯೋಗ್ಯವಾಗಿ ಉಳಿದದ್ದು ಅಷ್ಟು!

ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಬಂದವರೆಲ್ಲ ಕೌದಿಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ದುರಗವ್ವನೂ ಬಂದಿದ್ದಳು, ಕೂಸಿಗೊಂದು ಪುಟ್ಟ ಸ್ಟೀಲಿನ ಬಟ್ಟಲು ತಂದಿದ್ದಳು. ಕಸ್ತೂರಿ ಒಂದೊಂದೇ ತುಂಡನ್ನು ತೋರಿಸಿ ಹೇಳುತ್ತಿದ್ದಳು. ಇದು ಅತ್ತಿಯವರದು, ಇದು ನಂದು, ಇದು ಸುಶೀಲಕ್ಕನ ಸೀರಿ ಅಂಚು.

"ಈ ಬಿಳಿ ತುಂಡು?" ಎಂದು ಯಾರೋ ಕೇಳಿದರು.

ನಾನು ಕೋಟು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು, ಅಷ್ಟು ದೊಡ್ಡ ಕೌದಿಯಲ್ಲಿ ಬೇರೆಲ್ಲೂ ಅಲ್ಲ, ಸರಿಯಾಗಿ ಅದೇ ತುಂಡಿನ ಮೇಲೆ ಒದ್ದೆ ಮಾಡಿದಳು!

ಕಸ್ತೂರಿ ಕೂಸನ್ನು ಎತ್ತಿಕೊಂಡು ಕೌದಿಯನ್ನು ನನ್ನ ಕೈಗೆ ಕೊಟ್ಟಳು.

"ತೊಗೊಳ್ರಿ, ಬಿಸಲಿಗೆ ಹಾಕಿ ಬರ್ರಿ. ಈ ಸಲ ಖರೇನ ಹಾಕ್ರಿ."

ಹಾಕಿದೆ. ಒಣಗುವವರೆಗೂ ಅದರ ಪಕ್ಕದಲ್ಲೇ ಕುಳಿತಿದ್ದೆ. ಓಣಿಯಲ್ಲಿ ಪಾತ್ರೆ ಮಾರುವವರು ಯಾರಾದರೂ ಬಂದರೆ ನನ್ನನ್ನು ನಾನೇ ನಂಬುವಂತಿರಲಿಲ್ಲ!